ಹುಳಿಯ ಲೆಕ್ಕ, ಸಿಪ್ಪೆಯ ಘಮ

ಬೆಂಗಳೂರಿನ ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ಹೊರದೇಶದ ಗ್ರೇಪ್‌ಫ್ರೂಟ್‌ಗೆ ತಣ್ಣನೆಯ ಕಪಾಟಿನಲ್ಲಿ ಜಾಗ. ಬಾರ್‌ಗಳ ಮೆನುವಿನಲ್ಲೂ ಅದಕ್ಕೆ ಮರ್ಯಾದೆ ಹೆಚ್ಚು. ಅದರ ರಸಕ್ಕೆ ಜಿನ್ ಬೆರೆಸಿ, ಲೋಟದ ಅಂಚಿಗೆ ಉಪ್ಪು ಹಚ್ಚಿ ಕೊಟ್ಟರೆ ಅದು ‘ಸಾಲ್ಟಿ ಡಾಗ್’ ಎಂಬ ಕಾಕ್‌ಟೇಲ್. ಆದರೆ ಈ ಪರದೇಶಿ ಹಣ್ಣಿನ ಹೆತ್ತ ತಾಯಿಯ ಕುಲ ವಿಮಾನ ನಿಲ್ದಾಣದ ಬೇಲಿಯಾಚೆ, ದೇವನಹಳ್ಳಿಯ ಮನೆ ಹಿತ್ತಲುಗಳಲ್ಲೇ ಇದೆ. ಅದೇ ಚಕ್ಕೋತ.

18ನೇ ಶತಮಾನದಲ್ಲಿ ಕೆರಿಬಿಯನ್ ಸಮುದ್ರದ ಬಾರ್ಬಡೋಸ್ ದ್ವೀಪದಲ್ಲಿ ಚಕ್ಕೋತ ಮತ್ತು ಸಿಹಿ ಕಿತ್ತಳೆ ತಾವಾಗಿಯೇ ಕೂಡಿ ಹುಟ್ಟಿದ್ದು ಗ್ರೇಪ್‌ಫ್ರೂಟ್. ಆ ಸಿಹಿ ಕಿತ್ತಳೆಯಾದರೂ ಎಲ್ಲಿಂದ ಬಂತು? ಅದೂ ಚಕ್ಕೋತ ಮತ್ತು ಮ್ಯಾಂಡರಿನ್ ಕಿತ್ತಳೆಯ ಸಂತಾನ. ವಿದೇಶಿ ಪಾಕಪುಸ್ತಕಗಳ ಹಳದಿ ಲೆಮನ್‌ಗೆ ತಾಯಿ ಹುಳಿ ಕಿತ್ತಳೆ, ಆ ಹುಳಿ ಕಿತ್ತಳೆಗೆ ತಾಯಿ ಮತ್ತೆ ಚಕ್ಕೋತ. ವಿಜ್ಞಾನಿಗಳು 60 ಬಗೆಯ ಈ ಹಣ್ಣುಗಳ ಜೀನೋಮ್ ಓದಿ 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇಡೀ ಕುಲದ ವಂಶಾವಳಿ ಬಿಡಿಸಿಟ್ಟರು. ಕುಲದ ತವರು ಹಿಮಾಲಯದ ಆಗ್ನೇಯ ತಪ್ಪಲು, ಅಂದರೆ ಅಸ್ಸಾಮಿನ ಪೂರ್ವಭಾಗ, ಮ್ಯಾನ್ಮಾರಿನ ಉತ್ತರ ಮತ್ತು ಚೀನಾದ ಯುನ್ನಾನ್ ಕಡೆಯ ಗುಡ್ಡಗಾಡು ಎಂಬುದು ಅವರ ತೀರ್ಮಾನ.

ಹಾಗಾಗಿ ಮನೆಯಲ್ಲಿ ಜಿನ್ ಕಾಕ್‌ಟೇಲ್ ಮಾಡಹೊರಟವರು ಪರದೇಶದ ಹಣ್ಣಿಗೆ ಕಾಯಬೇಕಾಗಿಲ್ಲ. ಆಯಾ ತಿಂಗಳು ತಳ್ಳುಗಾಡಿಯಲ್ಲಿ ಏನು ರಾಶಿ ಬಿದ್ದಿದೆಯೋ ಅದೇ ಸಾಕು. ತಿಳಿದಿರಬೇಕಾದದ್ದು ಎರಡು ಸಂಗತಿ: ಆ ಹಣ್ಣಿನಲ್ಲಿ ಹುಳಿ ಎಷ್ಟಿದೆ, ಅದರ ಘಮ ಎಲ್ಲಿದೆ. ಪಾನಕ, ಚಿತ್ರಾನ್ನ, ಹೇರಳೆಕಾಯಿ ಗೊಜ್ಜು ಮಾಡುವ ಕೈಗೆ ಎರಡೂ ಹೊಸತಲ್ಲ.

ಹಡಗಿನ ಔಷಧಿ

ನಿಂಬೆ ಮತ್ತು ಜಿನ್ ಜೊತೆಯಾದದ್ದರ ಹಿಂದೆ ನಾವಿಕರ ಕಾಯಿಲೆಯೊಂದರ ಕಥೆ ಇದೆ. ತಿಂಗಳುಗಟ್ಟಲೆ ಸಮುದ್ರದಲ್ಲಿ ಒಣ ಬಿಸ್ಕತ್ತು, ಉಪ್ಪು ಹಾಕಿದ ಮಾಂಸ ತಿಂದು ಬದುಕುತ್ತಿದ್ದವರ ವಸಡು ಕೊಳೆತು, ಹಳೆಯ ಗಾಯಗಳು ಮತ್ತೆ ಬಾಯ್ಬಿಡುತ್ತಿದ್ದವು. ಇದು ಸ್ಕರ್ವಿ. 1747ರ ಮೇ ತಿಂಗಳಲ್ಲಿ ‘ಸ್ಯಾಲಿಸ್ಬರಿ’ ಎಂಬ ಬ್ರಿಟಿಷ್ ಯುದ್ಧನೌಕೆಯ ವೈದ್ಯ ಜೇಮ್ಸ್ ಲಿಂಡ್ 12 ರೋಗಿಗಳನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿದ. ಒಂದೊಂದು ಜೋಡಿಗೆ ಒಂದೊಂದು ಮದ್ದು: ವಿನೆಗರ್, ಸಮುದ್ರದ ನೀರು, ಸೈಡರ್ ಹೀಗೆ. ದಿನಕ್ಕೆರಡು ಕಿತ್ತಳೆ, ಒಂದು ಲೆಮನ್ ಸಿಕ್ಕ ಜೋಡಿ ಕೆಲವೇ ದಿನಗಳಲ್ಲಿ ಎದ್ದು ಕೂತಿತು. ಆಗ ವಿಟಮಿನ್ ಸಿ ಎಂಬುದರ ಕಲ್ಪನೆಯೂ ಯಾರಿಗೂ ಇರಲಿಲ್ಲ. ನೌಕಾಪಡೆ ಈ ಮದ್ದನ್ನು ಒಪ್ಪಿ ಹಡಗುಗಳಿಗೆ ರಸ ಹಂಚುವ ಹೊತ್ತಿಗೆ 1795 ಬಂದಿತ್ತು.

ರಸವನ್ನು ಕೆಡದಂತೆ ಇಡುವುದು ಹೇಗೆಂಬುದೇ ಮುಂದಿನ ತಲೆನೋವು. ಮೊದಮೊದಲು ಅದಕ್ಕೆ ಮದ್ಯ ಬೆರೆಸಿ ಇಡುತ್ತಿದ್ದರು. 1867ರಲ್ಲಿ ಸ್ಕಾಟ್ಲೆಂಡಿನ ಲಾಕ್ಲಿನ್ ರೋಸ್, ಮದ್ಯವಿಲ್ಲದೆ ನಿಂಬೆರಸ ಕಾಪಿಡುವ ಕ್ರಮಕ್ಕೆ ಪೇಟೆಂಟ್ ಪಡೆದ. ಅದೇ ವರ್ಷ ಬ್ರಿಟನ್ನಿನ ಕಾಯಿದೆಯೊಂದು ವ್ಯಾಪಾರಿ ಹಡಗುಗಳೂ ನಿಂಬೆರಸ ಒಯ್ಯುವುದನ್ನು ಕಡ್ಡಾಯ ಮಾಡಿತು. ರೋಸ್ ಬಾಟಲಿಯ ಸಿಹಿ ನಿಂಬೆರಸ ಹಡಗಿನ ಅಧಿಕಾರಿಗಳ ಜಿನ್‌ಗೆ ಜೊತೆಯಾದದ್ದೇ ‘ಗಿಮ್ಲೆಟ್’. ಲಂಡನ್ನಿನ ಸವಾಯ್ ಹೋಟೆಲಿನ ಹ್ಯಾರಿ ಕ್ರ್ಯಾಡಕ್ 1930ರಲ್ಲಿ ಹೊರತಂದ ಕಾಕ್‌ಟೇಲ್ ಪುಸ್ತಕದಲ್ಲಿ ಇದರ ಅಳತೆ ಅರ್ಧ ಜಿನ್, ಅರ್ಧ ರೋಸ್ ಅವರ ನಿಂಬೆರಸ.

ಜಿನ್‌ಗೆ ಇನ್ನೊಂದು ಜೊತೆಯಾದ ಟಾನಿಕ್ ನೀರೂ ಔಷಧಿಯಾಗಿಯೇ ಶುರುವಾದದ್ದು. ಅದರ ಕಹಿ ಮಲೇರಿಯಾದ ಮದ್ದಾದ ಕ್ವಿನೈನ್‌ನದು. ಅದಕ್ಕೆ ಬೇಕಾದ ಸಿಂಕೋನಾ ಮರಗಳನ್ನು 1860ರ ದಶಕದಲ್ಲಿ ನಮ್ಮ ಗಡಿಯಾಚೆಯ ನೀಲಗಿರಿಯಲ್ಲಿ, ದೊಡ್ಡಬೆಟ್ಟದ ಇಳಿಜಾರಿನಲ್ಲಿ ಬೆಳೆಸಿದರು.

ಜಿನ್‌ನೊಳಗೇ ಇರುವ ಸಿಪ್ಪೆ

ಜಿನ್ ಎಂದರೆ ಘಾಟಿಲ್ಲದ ಶುದ್ಧ ಸ್ಪಿರಿಟ್‌ಗೆ ಜುನಿಪರ್ ಎಂಬ ಪುಟ್ಟ ನೀಲಿ ಕಾಯಿಯ ಪರಿಮಳ ಹತ್ತಿಸಿದ ಮದ್ಯ. ಜುನಿಪರ್ ಇಲ್ಲದಿದ್ದರೆ ಅದು ಜಿನ್ ಅಲ್ಲ. ಅದರ ಜೊತೆಗೆ ಹೆಚ್ಚಿನ ಜಿನ್‌ಗಳಿಗೆ ಕೊತ್ತಂಬರಿ ಬೀಜ, ಒಣಗಿಸಿದ ಕಿತ್ತಳೆ ಮತ್ತು ಲೆಮನ್ ಸಿಪ್ಪೆ, ಕೆಲವಕ್ಕೆ ಏಲಕ್ಕಿ, ಚಕ್ಕೆಯೂ ಬೀಳುತ್ತವೆ. ಕೊತ್ತಂಬರಿ ಬೀಜದ ಎಣ್ಣೆಯಲ್ಲಿ ಬಹುಪಾಲು ಇರುವುದು ಲಿನಲೂಲ್. ಬೀಜವನ್ನು ಬೆರಳಲ್ಲಿ ಹಿಸುಕಿದರೆ ಬರುವ, ನಿಂಬೆಯ ನೆನಪು ತರುವ ವಾಸನೆ ಅದರದು. ಹೀಗೆ ಬಾಟಲಿಯ ಮುಚ್ಚಳ ತೆಗೆಯುವ ಮೊದಲೇ ಜಿನ್‌ನಲ್ಲಿ ಅರ್ಧ ನಿಂಬೆ ಇರುತ್ತದೆ. ವಿಸ್ಕಿ, ರಮ್ಮಿಗೆ ಹಣ್ಣಿನ ರಸ ಬೆರೆಸುವಾಗ ಮರದ ಪೀಪಾಯಿಯ ರುಚಿ, ಕಾಕಂಬಿಯ ರುಚಿಯ ಜೊತೆ ಸಂಧಾನ ಮಾಡಬೇಕಾಗುತ್ತದೆ. ಜಿನ್‌ಗೆ ಆ ತಕರಾರಿಲ್ಲ.

ಭಾರತದಲ್ಲಿ ಜಿನ್ ಬಹುಕಾಲ ಕಪಾಟಿನ ಮೂಲೆಯ ಬಾಟಲಿಯಾಗಿತ್ತು. 2017ರಲ್ಲಿ ಗೋವಾದಿಂದ ‘ಗ್ರೇಟರ್ ದ್ಯಾನ್’ ಬಂದ ಮೇಲೆ ಗಾಳಿ ಬದಲಾಯಿತು. ಅದೇ ಕಂಪನಿಯ ‘ಹಪುಸಾ’ ಹಿಮಾಲಯದ ಜುನಿಪರ್ ಬಳಸಿತು. 2018ರಲ್ಲಿ ಬಂದ ‘ಸ್ಟ್ರೇಂಜರ್ ಆಂಡ್ ಸನ್ಸ್’, ಬಂಗಾಳದ ಗೊಂಧೊರಾಜ್ ಸೇರಿದಂತೆ ಇಲ್ಲಿನ ನಿಂಬೆಜಾತಿಯ ಸಿಪ್ಪೆಗಳನ್ನೇ ಮುಂದಿಟ್ಟುಕೊಂಡಿತು. ಮನೆಯ ಪ್ರಯೋಗಕ್ಕೆ ಇಂಥ ಬಾಟಲಿಯೇ ಆಗಬೇಕೆಂದಿಲ್ಲ. ಹೊಸ ಹಣ್ಣಿನ ಗುಣ ಗೊತ್ತಾಗಬೇಕಾದರೆ ಜುನಿಪರ್ ಎದ್ದು ಕಾಣುವ ಸಾದಾ ‘ಲಂಡನ್ ಡ್ರೈ’ ಬಗೆಯದೇ ಅನುಕೂಲ.

ಹುಳಿಯ ಲೆಕ್ಕ

ಮದ್ಯ, ಹುಳಿ, ಸಿಹಿ ಮೂರನ್ನು ಮಂಜುಗಡ್ಡೆಯೊಡನೆ ಕುಲುಕಿ ಮಾಡುವ ಪಾನೀಯಗಳ ಗುಂಪಿಗೆ ಬಾರ್‌ನವರು ‘ಸೋರ್’ ಎನ್ನುತ್ತಾರೆ. ಇದರ ಸಾಮಾನ್ಯ ಅಳತೆ 60 ಮಿ.ಲೀ. ಜಿನ್, 22 ಮಿ.ಲೀ. ಹುಳಿರಸ, 22 ಮಿ.ಲೀ. ಸಕ್ಕರೆ ಪಾಕ. ಪಾಕ ಎಂದರೆ ಎಳೆಪಾಕವಲ್ಲ. ಒಂದು ಲೋಟ ಸಕ್ಕರೆ, ಒಂದು ಲೋಟ ನೀರು, ಸಕ್ಕರೆ ಕರಗುವಷ್ಟು ಬಿಸಿ, ಅಷ್ಟೆ. ತಣ್ಣಗಿನ ಮದ್ಯದಲ್ಲಿ ಸಕ್ಕರೆ ಸುಲಭವಾಗಿ ಕರಗದೆ ತಳದಲ್ಲಿ ಮರಳಿನಂತೆ ಕೂರುತ್ತದೆ. ಅದಕ್ಕೇ ಈ ಉಪಾಯ.

ಈ ಅಳತೆ ಹೊಂದುವುದು ರಸದಲ್ಲಿ ಸುಮಾರು 6 ಶೇಕಡಾ ಆಮ್ಲ ಇದ್ದಾಗ. ನಿಂಬೆಯಲ್ಲಿ ಅಷ್ಟಿರುತ್ತದೆ. ಕಿತ್ತಳೆ ರಸದಲ್ಲಿ ಇರುವುದು 1 ಶೇಕಡಾಕ್ಕಿಂತಲೂ ಕಡಿಮೆ, ಚಕ್ಕೋತದಲ್ಲಿ ಅದಕ್ಕಿಂತ ತುಸು ಹೆಚ್ಚು. ಈ ಎರಡರಲ್ಲೂ ಸಕ್ಕರೆ ಮಾತ್ರ ಧಾರಾಳ. ಪುಸ್ತಕದ ಅಳತೆ ಹಿಡಿದು ನಿಂಬೆಯ ಜಾಗಕ್ಕೆ ಕಿತ್ತಳೆ ರಸ ಸುರಿದರೆ ಸಿಗುವುದು ಸಪ್ಪೆ ಸಿಹಿ ನೀರು, ಅದರಡಿಯಲ್ಲಿ ಮದ್ಯದ ಉರಿ. ಮನೆಯಲ್ಲಿ ಮಾಡಿದ ಕಿತ್ತಳೆ ಕಾಕ್‌ಟೇಲ್‌ಗಳು ಹೆಚ್ಚಾಗಿ ಸೋಲುವುದು ಇಲ್ಲೇ. ಪರಿಹಾರವೂ ಸರಳ: ಕಿತ್ತಳೆಯಾಗಲಿ ಚಕ್ಕೋತವಾಗಲಿ ರುಚಿಗೆ, ನಿಂಬೆ ಹುಳಿಗೆ. ಸಿಹಿ ಹಣ್ಣು ಬಂದಷ್ಟೂ ಪಾಕ ಇಳಿಸಬೇಕು.

ಹಾಗೆ ತಿದ್ದಿದ ಅಳತೆಗಳು ಹೀಗಿವೆ. ಕಿತ್ತಳೆಗೆ: 60 ಮಿ.ಲೀ. ಜಿನ್, 45 ಕಿತ್ತಳೆ ರಸ, 15 ನಿಂಬೆರಸ, 8ರಿಂದ 10 ಪಾಕ. ಚಕ್ಕೋತಕ್ಕೆ: 60 ಜಿನ್, 45 ಚಕ್ಕೋತದ ರಸ, 15 ನಿಂಬೆರಸ, 12 ಪಾಕ, ಒಂದು ಚಿಟಿಕೆ ಉಪ್ಪು. ಬರೀ ನಿಂಬೆಯಾದರೆ ಮೊದಲು ಹೇಳಿದ 60, 22, 22. ಒಂದು ಹದವಾದ ನಿಂಬೆಹಣ್ಣಿನಿಂದ 15ರಿಂದ 20 ಮಿ.ಲೀ. ರಸ ಬರುತ್ತದೆ. ಅಳೆಯುವ ಲೋಟ ಇಲ್ಲದವರಿಗೆ ಕೆಮ್ಮಿನ ಸಿರಪ್ಪಿನ ಜೊತೆ ಬರುವ, ಗೆರೆ ಎಳೆದ ಪ್ಲಾಸ್ಟಿಕ್ ಮುಚ್ಚಳ ಆಗಿಬರುತ್ತದೆ. ಹಣ್ಣಿನಿಂದ ಹಣ್ಣಿಗೆ ಹುಳಿ ಬೇರೆ. ಹಾಗಾಗಿ ಕುಲುಕುವ ಮೊದಲು ಒಂದು ಚಮಚ ನಾಲಿಗೆಗೆ ಹಾಕಿ ನೋಡಬೇಕು, ಮಂಜುಗಡ್ಡೆ ಕರಗಿದ ಮೇಲೆ ರುಚಿ ಒಂದು ಮೆಟ್ಟಿಲು ಇಳಿಯುತ್ತದೆಂದು ನೆನಪಿಟ್ಟು ತುಸು ಜೋರಾಗಿಯೇ ಇರಲು ಬಿಡಬೇಕು.

ತಿಂಗಳಿಗೊಂದು ಹಣ್ಣು

ಮಳೆಗಾಲ ನಿಂಬೆಯ ಕಾಲ. ವಿಜಯಪುರ ಜಿಲ್ಲೆಯ ಇಂಡಿ ಸೀಮೆಯ ನಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ನಿಂಬೆ ಅಭಿವೃದ್ಧಿ ಮಂಡಳಿಯ ಕಚೇರಿ ಇರುವುದೂ ಆ ಊರಿನಲ್ಲೇ. ತೆಳುಸಿಪ್ಪೆ, ತುಂಬು ರಸ, ಮೂಗಿಗೆ ಹೊಡೆಯುವ ವಾಸನೆ. ಗಿಮ್ಲೆಟ್ ಮಾಡುವವರಿಗೆ ಇದಕ್ಕಿಂತ ಬೇರೆ ಬೇಡ. ಶರಬತ್ತಿನ ಆಸೆ ಹೆಚ್ಚುವ ಬೇಸಿಗೆಯಲ್ಲೇ ನಿಂಬೆಯ ಫಸಲು ಕಡಿಮೆ. 2022ರ ಏಪ್ರಿಲ್‌ನಲ್ಲಿ ದೇಶದ ಹಲವು ನಗರಗಳಲ್ಲಿ ಒಂದು ಹಣ್ಣಿನ ಬೆಲೆ 10 ರೂಪಾಯಿ ದಾಟಿತ್ತು. ಅಗ್ಗವಿದ್ದಾಗ ರಸ ಹಿಂಡಿ ಐಸ್ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿಟ್ಟುಕೊಳ್ಳುವ ಮನೆಗಳಿವೆ. ಶರಬತ್ತಿಗೆ ಅದು ಸಾಕು. ಕಾಕ್‌ಟೇಲ್‌ಗೆ ಹಿಂಡಿ ಕೆಲವು ಗಂಟೆಗಳೊಳಗಿನ ರಸವೇ ಚೆನ್ನ.

ಮಳೆಗಾಲದ ಕೊನೆಗೆ, ಗಣೇಶನ ಹಬ್ಬದ ಸಂತೆಯ ಹೊತ್ತಿಗೆ ಚಕ್ಕೋತ ಕಾಣಿಸಿಕೊಳ್ಳುತ್ತದೆ. ದೇವನಹಳ್ಳಿ ಚಕ್ಕೋತಕ್ಕೂ ಭೌಗೋಳಿಕ ಸೂಚಕವಿದೆ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಲಿನ ಭೂಮಿ ನಿವೇಶನಗಳಾಗಿ, ಹಳೆಯ ಮರಗಳು ವಿರಳವಾಗುತ್ತ ಬಂದಿವೆ. ಈ ಹಣ್ಣಿನ ರಸ ತೆಗೆಯಲು ತಾಳ್ಮೆ ಬೇಕು. ಅದರ ಕಹಿ ಇರುವುದು ನರಿಂಜಿನ್ ಎಂಬ ವಸ್ತುವಿನಲ್ಲಿ, ಮತ್ತು ಆ ವಸ್ತು ಹೆಚ್ಚಾಗಿ ಕೂತಿರುವುದು ಬಿಳಿ ದಿಂಡಿನಲ್ಲಿ, ತೊಳೆಗಳ ಪೊರೆಯಲ್ಲಿ. ಪೊರೆ ಸುಲಿದು ಬಿಡಿಸಿದ ತೊಳೆಯನ್ನಷ್ಟೇ ಹಿಸುಕಿ ಸೋಸಿದರೆ ಮೆಲುವಾದ ಕಹಿ ಉಳಿಯುತ್ತದೆ. ಇಡೀ ಹೋಳನ್ನು ಮಿಕ್ಸಿಗೆ ಹಾಕಿದರೆ ಲೋಟ ಕಷಾಯವಾಗುತ್ತದೆ. ಉಪ್ಪಿನ ಚಿಟಿಕೆಗೆ ಇಲ್ಲಿ ನಿಜವಾದ ಕೆಲಸವಿದೆ, ಉಪ್ಪು ನಾಲಿಗೆಗೆ ಕಹಿ ತಿಳಿಯದಂತೆ ತಗ್ಗಿಸುತ್ತದೆ.

ಚಳಿಗಾಲ ಕಿತ್ತಳೆಯದು. ನಾಗಪುರದ ಕಿತ್ತಳೆ ಲಾರಿಗಟ್ಟಲೆ ಬರುತ್ತದೆ, ಕೊಡಗಿನದನ್ನು ಹುಡುಕಬೇಕು. ಕಾಫಿ ತೋಟದ ನೆರಳಿನಲ್ಲಿ, ಮೆಣಸಿನ ಬಳ್ಳಿಯ ಪಕ್ಕದಲ್ಲಿ ಬೆಳೆಯುತ್ತಿದ್ದ ಕೊಡಗಿನ ಕಿತ್ತಳೆ ಹಸಿರು ಹಳದಿ ಬಣ್ಣದ್ದು, ಸಿಪ್ಪೆ ಸಡಿಲ, ರಸದಲ್ಲಿ ಸಿಹಿಯ ಜೊತೆ ಒಂದು ಹುಳಿ ಚುರುಕು. ಕಾಕ್‌ಟೇಲ್‌ಗೆ ಬೇಕಾದದ್ದೂ ಆ ಚುರುಕೇ. ಜಿಗಿಹುಳುವಿನಂಥ ಒಂದು ಪುಟ್ಟ ಕೀಟ ಹರಡುವ ‘ಗ್ರೀನಿಂಗ್’ ರೋಗ ಮತ್ತಿತರ ಕಾಯಿಲೆಗಳಿಂದ ಈ ಬೆಳೆ ದಶಕಗಳಿಂದ ಕುಗ್ಗುತ್ತ ಬಂದಿದೆ. ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದಲ್ಲಿ ಇದರ ಮೇಲೆ ಕೆಲಸ ನಡೆದಿದೆ. ಕೊಡಗಿನ ಕಿತ್ತಳೆಗೆ ಸಕ್ಕರೆ ಪಾಕದ ಬದಲು ಕೊಡಗಿನದೇ ಜೇನು ಹಾಕಿದರೆ ‘ಬೀಸ್ ನೀಸ್’ ಎಂಬ ಹಳೆಯ ಕಾಕ್‌ಟೇಲ್‌ನ ನೆಂಟನೊಬ್ಬ ಸಿದ್ಧ. ಜೇನು ತಣ್ಣಗಿನ ರಸದಲ್ಲಿ ಗಟ್ಟಿಯಾಗಿ ತಳಕ್ಕೆ ಅಂಟುತ್ತದೆ, ಅದಕ್ಕೆ ಎರಡು ಭಾಗ ಜೇನಿಗೆ ಒಂದು ಭಾಗ ಉಗುರುಬೆಚ್ಚನೆಯ ನೀರು ಕಲಸಿಟ್ಟುಕೊಳ್ಳಬೇಕು. ಬೆಲ್ಲದ ಪಾಕ ಬಳಸಿದವರೂ ಇದ್ದಾರೆ. ಬೆಲ್ಲದ ರುಚಿ ಜುನಿಪರನ್ನು ಮುಚ್ಚಿಹಾಕುತ್ತದೆ, ಅದು ರಮ್ಮಿಗೇ ಒಪ್ಪುತ್ತದೆ.

ಮೋಸಂಬಿ ವರ್ಷದ ಬಹುಕಾಲ ಸಿಗುತ್ತದೆ. ಅದರಲ್ಲಿ ಹುಳಿ ತೀರಾ ಕಡಿಮೆ, ನಿಂಬೆಯ ಊರುಗೋಲು ಬೇಕೇ ಬೇಕು. ಮೋಸಂಬಿ ರಸ ಹಿಂಡಿಟ್ಟರೆ ಸ್ವಲ್ಪ ಹೊತ್ತಿಗೆ ಕಹಿಯಾಗುವುದು ಎಲ್ಲ ಮನೆಗಳ ಅನುಭವ. ಹಣ್ಣಿನೊಳಗೆ ರುಚಿಯಿಲ್ಲದ ರೂಪದಲ್ಲಿ ಇರುವ ಒಂದು ವಸ್ತು, ಹಿಂಡಿದಾಗ ರಸದ ಆಮ್ಲದೊಡನೆ ಬೆರೆತು ನಿಧಾನವಾಗಿ ಲಿಮೋನಿನ್ ಎಂಬ ಕಹಿಯಾಗಿ ಮಾರ್ಪಡುತ್ತದೆ. ಅತಿಥಿಗಳು ಬರುವ ಮೊದಲೇ ಜಗ್ಗು ತುಂಬ ಮೋಸಂಬಿ ರಸ ಹಿಂಡಿಡುವುದು ಈ ಕಾರಣಕ್ಕೇ ಬೇಡ.

ಮಲೆನಾಡು, ಹಳೆ ಮೈಸೂರು ಕಡೆಯ ಹೇರಳೆಕಾಯಿಯದು ಬೇರೆಯೇ ಗತ್ತು. ದಪ್ಪ ಸಿಪ್ಪೆ, ಹುಳಿಯ ಹಿಂದೆಯೇ ಬರುವ ಕಹಿ. ನಿಂಬೆಗೆ ಬದಲಾಗಿ ಇದನ್ನು ಅದೇ ಅಳತೆಯಲ್ಲಿ ಹಾಕಿ, ಪಾಕ ಅರ್ಧ ಚಮಚ ಏರಿಸಿದರೆ ಯಾವ ಬಾರ್‌ನ ಮೆನುವಿನಲ್ಲೂ ಸುಲಭವಾಗಿ ಸಿಗದ ಪಾನೀಯ ಕೈಗೆ ಬರುತ್ತದೆ.

ಘಮದ ಮನೆ

ರಸದಲ್ಲಿ ಹುಳಿ ಇದೆ, ಸಿಹಿ ಇದೆ. ಹಣ್ಣಿನ ಘಮ ಮುಖ್ಯವಾಗಿ ಇರುವುದು ಸಿಪ್ಪೆಯ ಮೇಲಿನ ಪುಟ್ಟ ಎಣ್ಣೆ ಚೀಲಗಳಲ್ಲಿ. ಅದರಲ್ಲಿ ಬಹುಪಾಲು ಲಿಮೋನಿನ್ ಅಲ್ಲ, ಲಿಮೊನೀನ್. ಹೆಸರು ಹತ್ತಿರ, ವಸ್ತು ಬೇರೆ. ಮಕ್ಕಳು ಕಿತ್ತಳೆ ಸಿಪ್ಪೆಯನ್ನು ಮಡಚಿ ತಮ್ಮ ತಂಗಿಯರ ಕಣ್ಣಿಗೆ ಚಿಮ್ಮಿಸುವುದು, ಉಬ್ಬಿದ ಬಲೂನಿಗೆ ಸಿಡಿಸಿ ಒಡೆಯುವುದು, ದೀಪದ ಕುಡಿಗೆ ಚಿಮ್ಮಿಸಿ ಕಿಡಿ ಹಾರಿಸುವುದು ಎಲ್ಲವೂ ಇದರ ಆಟವೇ. ಈ ಎಣ್ಣೆ ನೀರಿಗೆ ಸೇರುವುದಿಲ್ಲ, ಮದ್ಯದಲ್ಲಿ ಕರಗುತ್ತದೆ. ಸಿಪ್ಪೆ ಎಸೆದು ರಸವಷ್ಟನ್ನೇ ಜಿನ್‌ಗೆ ಹಾಕುವವರು ಹಣ್ಣಿನ ಒಳ್ಳೆಯ ಭಾಗವನ್ನೇ ಕಸದ ಬುಟ್ಟಿಗೆ ಹಾಕಿದಂತೆ.

ಎಣ್ಣೆ ಬಿಡಿಸಲು ಎರಡು ದಾರಿ. ಮೊದಲನೆಯದು ಆ ಕ್ಷಣದ್ದು: ಬಿಳಿ ದಿಂಡು ತಾಗದಂತೆ ತೆಳ್ಳಗೆ ಹೆರೆದ ಒಂದು ಪಟ್ಟಿ ಸಿಪ್ಪೆಯನ್ನು ಲೋಟದ ಮೇಲೆ ಹಿಡಿದು ಹಿಂಡಬೇಕು. ಎಣ್ಣೆಯ ಸಣ್ಣ ತುಂತುರು ಪಾನೀಯದ ಮೇಲೆ ಕೂತು ಮೊದಲ ಗುಟುಕಿಗೂ ಮುಂಚೆ ಮೂಗಿಗೆ ತಲುಪುತ್ತದೆ. ಎರಡನೆಯದಕ್ಕೆ ಒಂದು ರಾತ್ರಿ ಬೇಕು. ಎರಡು ಕಿತ್ತಳೆಯ ಅಥವಾ ನಾಲ್ಕು ನಿಂಬೆಯ ಮೇಲುಸಿಪ್ಪೆಗೆ 100 ಗ್ರಾಂ ಸಕ್ಕರೆ ಹಾಕಿ, ಲಟ್ಟಣಿಗೆಯ ತುದಿಯಲ್ಲಿ ತುಸು ಜಜ್ಜಿ ಮುಚ್ಚಿಡಬೇಕು. ಬೆಳಗಾಗುವಷ್ಟರಲ್ಲಿ ಸಕ್ಕರೆ ಎಣ್ಣೆಯನ್ನು ಎಳೆದುಕೊಂಡು ಒದ್ದೆಯಾಗಿರುತ್ತದೆ. ಅದಕ್ಕೆ 100 ಮಿ.ಲೀ. ಬಿಸಿನೀರು ಸೇರಿಸಿ ಕರಗಿಸಿ ಸೋಸಿದರೆ ಘಮದ ಪಾಕ ಸಿದ್ಧ. ಮಾಮೂಲಿ ಪಾಕದ ಜಾಗಕ್ಕೆ ಇದನ್ನು ಬಳಸಬಹುದು. ಅಂಗಡಿಯ ಹಣ್ಣಿಗೆ ಮೇಣ ಬಳಿದಿರುವುದುಂಟು. ಹಾಗಾಗಿ ಹೆರೆಯುವ ಮೊದಲು ಬಿಸಿನೀರಿನಲ್ಲಿ ಉಜ್ಜಿ ತೊಳೆಯಬೇಕು.

ಕುಲುಕುವ ಕೆಲಸ

ರಸವಿರುವ ಕಾಕ್‌ಟೇಲನ್ನು ಚಮಚದಲ್ಲಿ ಕಲಕಿದರೆ ಸಾಲದು, ಕುಲುಕಬೇಕು. ಕುಲುಕಿದಾಗ ಮೂರು ಕೆಲಸ ಒಟ್ಟಿಗೆ ಆಗುತ್ತವೆ: ಪಾನೀಯ ತಣ್ಣಗಾಗುತ್ತದೆ, ಕರಗಿದ ಮಂಜುಗಡ್ಡೆಯ ನೀರು ಸೇರಿ ಮದ್ಯದ ಉರಿ ಇಳಿಯುತ್ತದೆ, ಗಾಳಿ ಬೆರೆತು ನೊರೆ ಬರುತ್ತದೆ. ಶೇಕರ್ ಇಲ್ಲದಿದ್ದರೆ ಬಾಯಿ ಅಗಲದ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೋ ಉಪ್ಪಿನಕಾಯಿ ಬಾಟಲಿಯೋ ಆದೀತು. ಉಪ್ಪಿನಕಾಯಿಯ ವಾಸನೆ ಮಾತ್ರ ಹೋಗಿರಬೇಕು. ಮುಕ್ಕಾಲು ಭಾಗ ದೊಡ್ಡ ಮಂಜುಗಡ್ಡೆ ತುಂಬಿ, ಎಲ್ಲವನ್ನೂ ಸುರಿದು, 12ರಿಂದ 15 ಸೆಕೆಂಡು ಜೋರಾಗಿ ಕುಲುಕಬೇಕು. ಡಬ್ಬಿಯ ಹೊರಮೈ ಮಂಜು ಕಟ್ಟಿದರೆ ಆಯಿತೆಂದು ಅರ್ಥ. ಚಹಾ ಸೋಸುವ ಜಾಲರಿಯಲ್ಲಿ ಸೋಸಿ, ಫ್ರಿಜ್ಜಿನಲ್ಲಿಟ್ಟ ಲೋಟಕ್ಕೆ ಬಗ್ಗಿಸಬೇಕು. ಬಾರ್‌ಗಳಲ್ಲಿ ನೊರೆಗೆ ಮೊಟ್ಟೆಯ ಬಿಳಿ ಹಾಕುತ್ತಾರೆ. ಒಲ್ಲದವರಿಗೆ ಕಾಬೂಲ್ ಕಡಲೆ ಬೇಯಿಸಿದ ಗಟ್ಟಿನೀರು 15 ಮಿ.ಲೀ. ಅದೇ ಕೆಲಸ ಮಾಡುತ್ತದೆ.

ಲೋಟದಾಚೆಯ ಲೆಕ್ಕ

ಹಣ್ಣಿನ ರಸದಲ್ಲಿ ಅಡಗಿದರೂ ಮದ್ಯ ಮದ್ಯವೇ. ಭಾರತದಲ್ಲಿ ಸಿಗುವ ಜಿನ್‌ನಲ್ಲಿ ಸಾಮಾನ್ಯವಾಗಿ 42.8 ಶೇಕಡಾ ಆಲ್ಕೊಹಾಲ್ ಇರುತ್ತದೆ. ಒಂದು ಲಾರ್ಜ್, ಅಂದರೆ 60 ಮಿ.ಲೀ.ಯಲ್ಲಿ ಸುಮಾರು 20 ಗ್ರಾಂ. ಅರ್ಧ ಲೀಟರ್ ಸಾಮಾನ್ಯ ಬಿಯರ್‌ನಲ್ಲಿ ಇರುವಷ್ಟೇ. ಸಿಹಿ ಮತ್ತು ಹುಳಿ ಸೇರಿದಾಗ ಅದು ಗಂಟಲಿಗೆ ಗೊತ್ತಾಗುವುದಿಲ್ಲ, ಎರಡನೆಯ ಲೋಟ ಬೇಗ ಬರುವುದು ಇದರಿಂದಲೇ. ಆಲ್ಕೊಹಾಲ್‌ಗೆ ಸುರಕ್ಷಿತ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕರ್ನಾಟಕದಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲ. ಕುಡಿದವರು ಗಾಡಿಯ ಕೀಲಿ ಮುಟ್ಟುವಂತಿಲ್ಲ.

ಹಣ್ಣಿನ ಬಗ್ಗೆಯೂ ಎರಡು ಎಚ್ಚರ. ಗ್ರೇಪ್‌ಫ್ರೂಟ್‌ನಂತೆ ಚಕ್ಕೋತದಲ್ಲೂ ಫ್ಯುರಾನೊಕೂಮರಿನ್ ಎಂಬ ವಸ್ತುಗಳಿವೆ. ಕೊಲೆಸ್ಟರಾಲ್ ಇಳಿಸುವ ಕೆಲವು ಸ್ಟ್ಯಾಟಿನ್ ಮಾತ್ರೆಗಳು, ರಕ್ತದೊತ್ತಡದ ಕೆಲವು ಮಾತ್ರೆಗಳು ದೇಹದಲ್ಲಿ ಒಡೆದುಹೋಗುವುದನ್ನು ಇವು ತಡೆದು, ಔಷಧಿಯ ಪ್ರಮಾಣ ರಕ್ತದಲ್ಲಿ ಏರುವಂತೆ ಮಾಡಬಲ್ಲವು. ಅಂಥ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಚಕ್ಕೋತಕ್ಕೆ ಕೈಹಾಕಬಾರದು. ಇದೇ ಬಳಗದ ವಸ್ತುಗಳು ನಿಂಬೆಯಲ್ಲೂ ಇರುವುದರಿಂದ, ರಾಶಿ ನಿಂಬೆ ಹಿಂಡಿದ ಕೈಯನ್ನು ಸೋಪು ಹಾಕಿ ತೊಳೆಯದೆ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತೆ ಬೊಬ್ಬೆ ಏಳಬಹುದು.

ಕುಡಿಯದವರಿಗೂ ಇದೇ ಹಣ್ಣಿನಲ್ಲಿ ಪಾಲು ಕೊಡುವುದು ಕಷ್ಟವಲ್ಲ. ಸಿಪ್ಪೆಯ ಪಾಕ ಸೋಸುವ ಮೊದಲು ಒಂದು ಚಮಚ ಕೊತ್ತಂಬರಿ ಬೀಜವನ್ನು ಹುರಿಯದೆ ಒಡೆದು, ಬಿಸಿಪಾಕದಲ್ಲಿ ಅರ್ಧ ಗಂಟೆ ನೆನೆಹಾಕಿದರೆ ಜಿನ್‌ನ ಒಂದು ಪರಿಮಳವಾದರೂ ಅದಕ್ಕೆ ಬರುತ್ತದೆ. 20 ಮಿ.ಲೀ. ಪಾಕ, 45 ಮಿ.ಲೀ. ಕಿತ್ತಳೆ ಅಥವಾ ಚಕ್ಕೋತದ ರಸ, ಅರ್ಧ ನಿಂಬೆ, ಮೇಲೆ ಸೋಡಾ. ಉಳಿದ ಪಾಕ ಗಾಜಿನ ಬಾಟಲಿಯಲ್ಲಿ, ಫ್ರಿಜ್ಜಿನೊಳಗೆ ಒಂದು ವಾರ ಕೆಡದೆ ಇರುತ್ತದೆ.